ತಾಯ್ ಚಿ ಮತ್ತು ಮೂಳೆ: ಒಂದು ಪ್ರಶ್ನೆಯ ಚರಿತ್ರೆ

ಚೀನಾದ ದೊಡ್ಡ ನಗರಗಳ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಒಂದು ನೋಟ ಸಾಮಾನ್ಯ. ವಯಸ್ಸಾದ ಮಹಿಳೆಯರೂ ಪುರುಷರೂ ಸಾಲಾಗಿ ನಿಂತು, ನೀರಿನೊಳಗೆ ಚಲಿಸುತ್ತಿರುವವರಂತೆ ನಿಧಾನವಾಗಿ ಕೈ ಚಾಚುತ್ತಾರೆ. ಮಂಡಿಯನ್ನು ತುಸು ಬಾಗಿಸಿ ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸಾಗಿಸುತ್ತಾರೆ. ಜಿಗಿತವಿಲ್ಲ, ಓಟವಿಲ್ಲ, ಏದುಸಿರೂ ಇಲ್ಲ. ಇದು ತಾಯ್ ಚಿ. ಇದನ್ನು ಮಾಡಿದರೆ ಮೂಳೆ ಗಟ್ಟಿಯಾಗುತ್ತದೆ, ವಯಸ್ಸಾದ ಮಹಿಳೆಯರಿಗೆ ಇದು ಬಹಳ ಒಳ್ಳೆಯದು ಎಂಬ ಮಾತನ್ನು ನೀವೂ ಕೇಳಿರಬಹುದು.

ಈ ಮಾತು ನಿಜವೇ? ಇಷ್ಟು ಮೆಲ್ಲಗಿನ ಚಲನೆಯಿಂದ ಮೂಳೆ ಗಟ್ಟಿಯಾಗಲು ಸಾಧ್ಯವೇ? ವಿಜ್ಞಾನಿಗಳು ಈ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡರು. ಆದರೆ ಉತ್ತರ ಹುಡುಕುತ್ತ ಹೋದಂತೆ ಪ್ರಶ್ನೆಯೇ ಬದಲಾಯಿತು. ಹಾಗೆ ಬದಲಾದದ್ದು ಏಕೆ ಎಂದು ತಿಳಿಯಬೇಕಾದರೆ ನಾವು ಸುಮಾರು 200 ವರ್ಷ ಹಿಂದಕ್ಕೆ ಹೋಗಬೇಕು.

ಲಂಡನ್ನಿನ ಕಾಲುದಾರಿ

1822ರಲ್ಲಿ ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಕೀಲು ತಪ್ಪುವುದು ಮತ್ತು ಮೂಳೆ ಮುರಿಯುವುದರ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ. ತೊಡೆಮೂಳೆಯ ತುದಿಯಲ್ಲಿ, ಸೊಂಟದ ಕೀಲಿಗೆ ಸೇರುವ ಕಡೆ, ಕಿರಿದಾದ ಒಂದು ಭಾಗವಿದೆ. ಇದನ್ನು ತೊಡೆಮೂಳೆಯ ಕತ್ತು ಎನ್ನುತ್ತಾರೆ. ಈ ಕತ್ತು ಮುರಿಯುವುದು ಹೆಚ್ಚಾಗಿ ಇಳಿವಯಸ್ಸಿನಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಎಂದು ಕೂಪರ್ ಗಮನಿಸಿದ್ದ. ವಯಸ್ಸಾದಂತೆ ಮೂಳೆ ತೆಳುವಾಗಿ ಹಗುರಾಗುವುದನ್ನೂ ಆತ ಕಂಡಿದ್ದ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಬರೆದ. ಈ ಮುರಿತಕ್ಕೆ ದೊಡ್ಡ ಪೆಟ್ಟು ಬೇಕಿಲ್ಲ. ಲಂಡನ್ನಿನಲ್ಲಿ ಎತ್ತರದ ಕಾಲುದಾರಿಯ ಅಂಚಿನಿಂದ ಗಾಡಿ ರಸ್ತೆಗೆ ಕಾಲು ಜಾರುವುದೇ ಇದಕ್ಕೆ ಸಾಮಾನ್ಯ ಕಾರಣ.

ಇಲ್ಲಿ ಎರಡು ಸಂಗತಿಗಳಿವೆ ಎಂಬುದನ್ನು ಗಮನಿಸಿ. ಒಂದು, ತೆಳುವಾದ ಮೂಳೆ. ಇನ್ನೊಂದು, ಕಾಲು ಜಾರುವುದು. ಮುರಿತಕ್ಕೆ ಎರಡೂ ಬೇಕು. ಆದರೆ ಮುಂದಿನ ಸುಮಾರು ಒಂದೂವರೆ ಶತಮಾನ ವಿಜ್ಞಾನದ ಗಮನವೆಲ್ಲ ಮೊದಲನೆಯದರ ಮೇಲೆಯೇ ಇತ್ತು. ಇದಕ್ಕೆ ಕಾರಣವೂ ಇತ್ತು. ಮೂಳೆಯನ್ನು ಕೈಯಲ್ಲಿ ಹಿಡಿದು ನೋಡಬಹುದು, ಕೊಯ್ಯಬಹುದು, ಸೂಕ್ಷ್ಮದರ್ಶಕದ ಕೆಳಗೆ ಇಡಬಹುದು. ಬೀಳುವುದು ಕ್ಷಣಾರ್ಧದ ಘಟನೆ. ಅದನ್ನು ಹಿಡಿದಿಡುವುದು ಹೇಗೆ?

ಮೂಳೆ ಟೊಳ್ಳಾಗುವ ಈ ಸ್ಥಿತಿಗೆ ಹೆಸರು ಬಂದದ್ದು 19ನೇ ಶತಮಾನದ ಪೂರ್ವಾರ್ಧದಲ್ಲಿ. ಸ್ಟ್ರಾಸ್‌ಬರ್ಗ್ ನಗರದ ರೋಗಶಾಸ್ತ್ರಜ್ಞ ಝಾನ್ ಲೋಬ್‌ಸ್ಟೈನ್ ತೂತುತೂತಾಗಿ ಕಂಡ ಮೂಳೆಗಳನ್ನು ವಿವರಿಸುತ್ತ 'ಆಸ್ಟಿಯೊಪೊರೋಸಿಸ್' ಎಂಬ ಪದ ಬಳಸಿದ. 'ರಂಧ್ರಗಳುಳ್ಳ ಮೂಳೆ' ಎಂಬುದು ಅದರ ಅರ್ಥ. ಕನ್ನಡದಲ್ಲಿ ಇದನ್ನು ಅಸ್ಥಿರಂಧ್ರತೆ ಎನ್ನುತ್ತೇವೆ.

ಎಂಜಿನಿಯರ್ ಕಂಡ ಮೂಳೆ

ಮೂಳೆ ಎಂದರೆ ಕಲ್ಲಿನಂತಹ ನಿರ್ಜೀವ ಆಸರೆ ಎಂದು ನಮಗೆ ತೋರುತ್ತದೆ. ಅದು ಹಾಗಲ್ಲ ಎಂಬ ತಿಳಿವಳಿಕೆ ಬಂದ ದಾರಿ ಸ್ವಾರಸ್ಯಕರವಾಗಿದೆ. 1866ರಲ್ಲಿ ಜ್ಯೂರಿಚ್ ನಗರದ ಅಂಗರಚನಾಶಾಸ್ತ್ರಜ್ಞ ಹರ್ಮನ್ ಫಾನ್ ಮೇಯರ್ ತೊಡೆಮೂಳೆಯನ್ನು ಉದ್ದಕ್ಕೆ ಸೀಳಿ ಒಳಗಿನ ರಚನೆಯನ್ನು ವಿಜ್ಞಾನಿಗಳ ಸಭೆಯೊಂದರಲ್ಲಿ ತೋರಿಸಿದ. ಮೂಳೆಯ ತುದಿಯ ಒಳಭಾಗ ಸ್ಪಂಜಿನಂತೆ ಇರುತ್ತದೆ. ಆ ಸ್ಪಂಜಿನ ಸಣ್ಣ ಸಣ್ಣ ತೊಲೆಗಳು ಅಡ್ಡಾದಿಡ್ಡಿಯಾಗಿರದೆ ಬಾಗಿದ ಗೆರೆಗಳಲ್ಲಿ ಜೋಡಣೆಗೊಂಡಿದ್ದವು. ಸಭೆಯಲ್ಲಿದ್ದ ಎಂಜಿನಿಯರ್ ಕಾರ್ಲ್ ಕುಲ್ಮನ್‌ನಿಗೆ ಅದನ್ನು ಕಂಡು ಆಶ್ಚರ್ಯವಾಯಿತು. ಭಾರ ಎತ್ತುವ ಬಾಗಿದ ಕ್ರೇನಿನಲ್ಲಿ ಒತ್ತಡ ಮತ್ತು ಎಳೆತ ಹರಿಯುವ ಗೆರೆಗಳು ಹೇಗಿರುತ್ತವೆ ಎಂದು ಆತ ಲೆಕ್ಕ ಹಾಕುತ್ತಿದ್ದ. ಮೂಳೆಯೊಳಗಿನ ಗೆರೆಗಳು ಅವನ್ನೇ ಹೋಲುತ್ತಿದ್ದವು.

ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವುಲ್ಫ್ ಈ ವಿಚಾರವನ್ನು ಮುಂದಕ್ಕೆ ಒಯ್ದ. ಮೂಳೆಯ ಮೇಲೆ ಬೀಳುವ ಭಾರ ಬದಲಾದರೆ ಮೂಳೆಯ ಒಳರಚನೆಯೂ ಹೊರ ಆಕಾರವೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ ಎಂದು 1892ರಲ್ಲಿ ಪ್ರತಿಪಾದಿಸಿದ. ಇದೇ 'ವುಲ್ಫ್ ನಿಯಮ'. ಆತ ನಂಬಿದ್ದಷ್ಟು ಗಣಿತದ ನಿಖರತೆ ಇದಕ್ಕೆ ಇಲ್ಲವೆಂದು ಅನಂತರ ತಿಳಿದರೂ ಮೂಲ ತಿರುಳು ಉಳಿಯಿತು. ದುಡಿಸಿದ ಮೂಳೆ ಬೆಳೆಯುತ್ತದೆ, ದುಡಿಸದ ಮೂಳೆ ಸವೆಯುತ್ತದೆ.

ಇದಕ್ಕೆ ಎರಡು ಉದಾಹರಣೆಗಳನ್ನು ನೋಡಬಹುದು. 1977ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃತ್ತಿಪರ ಟೆನಿಸ್ ಆಟಗಾರರ ಎರಡೂ ತೋಳುಗಳ ಎಕ್ಸ್-ಕಿರಣ ಚಿತ್ರಗಳನ್ನು ಹೋಲಿಸಿದರು. ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆಯ ಗಟ್ಟಿ ಪದರ ಇನ್ನೊಂದು ತೋಳಿಗಿಂತ ಪುರುಷರಲ್ಲಿ ಸುಮಾರು 35%, ಮಹಿಳೆಯರಲ್ಲಿ ಸುಮಾರು 28% ದಪ್ಪವಾಗಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆ ಬಾಹ್ಯಾಕಾಶದಲ್ಲಿದೆ. ದೇಹದ ಭಾರವೇ ಇಲ್ಲದ ಅಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆಯ ಖನಿಜ ತಿಂಗಳಿಗೆ ಸುಮಾರು 1ರಿಂದ 1.5% ನಷ್ಟವಾಗುತ್ತದೆ.

ಹಾರ್ಮೋನು ಮತ್ತು ಅಳತೆಗೋಲು

ಮಹಿಳೆಯರಲ್ಲಿಯೇ ಈ ತೊಂದರೆ ಹೆಚ್ಚೇಕೆ ಎಂಬುದಕ್ಕೆ ಸುಳಿವು ಕೊಟ್ಟವರು ಅಮೆರಿಕದ ಬಾಸ್ಟನ್ ನಗರದ ವೈದ್ಯ ಫುಲ್ಲರ್ ಆಲ್‌ಬ್ರೈಟ್. ಬೆನ್ನುಮೂಳೆಯ ಮಣಿಗಳು ಕುಸಿದು ಬಂದ ಮಹಿಳೆಯರಲ್ಲಿ ಬಹುಪಾಲು ಎಲ್ಲರೂ ಮುಟ್ಟು ನಿಂತವರು ಎಂದು ಅವರು 1941ರಲ್ಲಿ ವರದಿ ಮಾಡಿದರು. ಋತುಬಂಧದ ನಂತರ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗುವುದೇ ಇದಕ್ಕೆ ಕಾರಣ ಎಂಬುದು ಅವರ ತೀರ್ಮಾನ. ಇಂದು ನಮಗೆ ಇದರ ವಿವರ ಇನ್ನಷ್ಟು ಗೊತ್ತಿದೆ. ಮೂಳೆಯಲ್ಲಿ ಹಳೆಯ ಭಾಗವನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳೂ ಹೊಸ ಭಾಗವನ್ನು ಕಟ್ಟುವ ಆಸ್ಟಿಯೊಬ್ಲಾಸ್ಟ್ ಕೋಶಗಳೂ ಸದಾ ಕೆಲಸ ಮಾಡುತ್ತಿರುತ್ತವೆ. ಈಸ್ಟ್ರೋಜನ್ ಕಡಿಮೆಯಾದಾಗ ಕರಗಿಸುವ ಕೆಲಸ ಕಟ್ಟುವ ಕೆಲಸವನ್ನು ಮೀರಿಸುತ್ತದೆ.

ಆದರೆ ಮೂಳೆ ಎಷ್ಟು ಸವೆದಿದೆ ಎಂದು ಬದುಕಿರುವವರಲ್ಲಿ ಅಳೆಯುವುದು ಹೇಗೆ? ಸಾಮಾನ್ಯ ಎಕ್ಸ್-ಕಿರಣ ಚಿತ್ರದಲ್ಲಿ ಸುಮಾರು 30% ಖನಿಜ ಹೋಗುವವರೆಗೂ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದಿಲ್ಲ. 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಕ್ಯಾಮರನ್ ಮತ್ತು ಜೇಮ್ಸ್ ಸೊರೆನ್‌ಸನ್ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಫೋಟಾನುಗಳ ತೆಳುವಾದ ಕಿರಣವನ್ನು ಮೂಳೆಯ ಮೂಲಕ ಹಾಯಿಸಿ, ಎಷ್ಟು ಹೀರಲ್ಪಟ್ಟಿತು ಎಂಬುದರಿಂದ ಖನಿಜದ ಪ್ರಮಾಣವನ್ನು ಲೆಕ್ಕ ಹಾಕುವ ವಿಧಾನವದು. 1987ರ ಸುಮಾರಿಗೆ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ಕಿರಣಗಳನ್ನು ಬಳಸುವ 'ಡೆಕ್ಸಾ' ಯಂತ್ರ ಬಂತು. ಮಾಂಸ ಮತ್ತು ಕೊಬ್ಬಿನ ಪಾಲನ್ನು ಕಳೆದು ಮೂಳೆಯ ಖನಿಜ ಸಾಂದ್ರತೆಯನ್ನಷ್ಟೇ ಇದು ಕೊಡುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಅಳತೆಯ ಮೇಲೆಯೇ ರೋಗದ ವ್ಯಾಖ್ಯೆಯನ್ನು ನಿಲ್ಲಿಸಿತು. ಆರೋಗ್ಯವಂತ ಯುವತಿಯರ ಸರಾಸರಿಗಿಂತ 2.5 ಮಾನಕ ವಿಚಲನೆಯಷ್ಟು ಅಥವಾ ಅದಕ್ಕೂ ಕಡಿಮೆ ಸಾಂದ್ರತೆ ಇದ್ದರೆ ಅದು ಆಸ್ಟಿಯೊಪೊರೋಸಿಸ್.

ಕೂಪರ್ ಕಂಡ ಎರಡು ಸಂಗತಿಗಳಲ್ಲಿ ಒಂದಕ್ಕೆ ಈಗ ಯಂತ್ರವೂ ಸಿಕ್ಕಿತು, ಸಂಖ್ಯೆಯೂ ಸಿಕ್ಕಿತು. ಇನ್ನು ಮುಂದೆ ಯಾವುದೇ ಔಷಧ, ಆಹಾರ ಅಥವಾ ವ್ಯಾಯಾಮವನ್ನು ಪರೀಕ್ಷಿಸುವವರು ಮೊದಲು ಕೇಳುವ ಪ್ರಶ್ನೆ 'ಸಾಂದ್ರತೆ ಹೆಚ್ಚಿತೇ?' ಎಂಬುದಾಯಿತು. ತಾಯ್ ಚಿಗೂ ಇದೇ ಪ್ರಶ್ನೆ ಎದುರಾಯಿತು.

ಮುಷ್ಟಿಯುದ್ಧದಿಂದ ಉದ್ಯಾನದವರೆಗೆ

ತಾಯ್ ಚಿ ಆರೋಗ್ಯಕ್ಕಾಗಿ ಹುಟ್ಟಿದ್ದಲ್ಲ. ಇದರ ಪೂರ್ಣ ಹೆಸರು 'ತಾಯ್ ಚಿ ಚುವಾನ್'. 'ಚುವಾನ್' ಎಂದರೆ ಮುಷ್ಟಿ. 'ತಾಯ್ ಚಿ' ಎಂಬುದು ಚೀನೀ ತತ್ತ್ವಶಾಸ್ತ್ರದ ಪರಮ ಮೂಲತತ್ತ್ವದ ಹೆಸರು. ಇಲ್ಲಿನ 'ಚಿ' ಎಂದರೆ ಪ್ರಾಣಶಕ್ತಿ ಎಂದು ಹಲವರು ತಿಳಿಯುವುದುಂಟು. ಅದು ಬೇರೆ ಪದ, ಅದರ ಲಿಪಿಯೂ ಬೇರೆ.

ಹೆನಾನ್ ಪ್ರಾಂತದ ವೆನ್ ಜಿಲ್ಲೆಯ ಚೆನ್ ಮನೆತನದ ಹಳ್ಳಿಯಲ್ಲಿ, 17ನೇ ಶತಮಾನದಲ್ಲಿ, ಚೆನ್ ವಾಂಗ್‌ಟಿಂಗ್ ಎಂಬಾತ ಈ ಕಾಳಗದ ಕಲೆಯನ್ನು ರೂಪಿಸಿದ ಎನ್ನುತ್ತಾರೆ. ಮಿಂಗ್ ಅರಸೊತ್ತಿಗೆ ಕೊನೆಗೊಂಡು ಚಿಂಗ್ ಆಳ್ವಿಕೆ ಆರಂಭವಾದ ಕಾಲವದು. ಚೆನ್ ಶೈಲಿಯಲ್ಲಿ ಈಗಲೂ ನೆಲ ತುಳಿಯುವ ಹೆಜ್ಜೆಗಳೂ ಜಿಗಿತಗಳೂ ಹಠಾತ್ತನೆ ಸಿಡಿಯುವ ಹೊಡೆತಗಳೂ ಉಂಟು. ಹೊರಗಿನಿಂದ ಬಂದು ಈ ಹಳ್ಳಿಯಲ್ಲಿ ಕಲಿತ ಯಾಂಗ್ ಲೂಚಾನ್ (1799-1872) ಅದನ್ನು ಬೀಜಿಂಗ್‌ಗೆ ಒಯ್ದ. ಆತನ ಮೊಮ್ಮಗ ಯಾಂಗ್ ಚೆಂಗ್‌ಫು (1883-1936) ಜಿಗಿತ ಮತ್ತು ಸಿಡಿತಗಳನ್ನು ಕೈಬಿಟ್ಟು, ಒಂದೇ ವೇಗದಲ್ಲಿ ಹರಿಯುವ ವಿಶಾಲವಾದ ಚಲನೆಗಳ ರೂಪ ಕೊಟ್ಟು 1928ರಿಂದ ಶಾಂಘೈನಲ್ಲಿ ಕಲಿಸಿದ. ವಯಸ್ಸಾದವರೂ ದುರ್ಬಲರೂ ಕಲಿಯಲು ಸಾಧ್ಯವಾದದ್ದು ಹೀಗೆ.

1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗವು ಯಾಂಗ್ ಶೈಲಿಯಿಂದ 24 ಭಂಗಿಗಳನ್ನು ಆಯ್ದು ಸರಳ ರೂಪವೊಂದನ್ನು ಸಿದ್ಧಪಡಿಸಿತು. ಇದನ್ನು ಐದಾರು ನಿಮಿಷದಲ್ಲಿ ಮುಗಿಸಬಹುದು. ಉದ್ಯಾನಗಳಲ್ಲಿ, ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಹರಡಿದ್ದು ಈ ರೂಪವೇ. ಇದರ ಇನ್ನೊಂದು ಪರಿಣಾಮವನ್ನು ವಿಜ್ಞಾನದ ದೃಷ್ಟಿಯಿಂದ ಗಮನಿಸಬೇಕು. ಎಲ್ಲರೂ ಒಂದೇ ಬಗೆಯಲ್ಲಿ ಮಾಡುವ ವ್ಯಾಯಾಮವನ್ನು ಔಷಧದ ನಿಗದಿತ ಪ್ರಮಾಣದಂತೆ ಪರೀಕ್ಷೆಗೆ ಒಡ್ಡಬಹುದು. 2020ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಂಗ್‌ಕಾಂಗ್ ಕೇಳಿದ ಪ್ರಶ್ನೆ

ಮೂಳೆಯ ವಿಜ್ಞಾನವೂ ತಾಯ್ ಚಿಯೂ ಒಂದನ್ನೊಂದು ಸಂಧಿಸಿದ್ದು ಹಾಂಗ್‌ಕಾಂಗ್‌ನಲ್ಲಿ. 1970ರಲ್ಲಿ ಚಾಮರ್ಸ್ ಮತ್ತು ಹೋ ಎಂಬ ಇಬ್ಬರು ವೈದ್ಯರು ಬೇರೆ ಬೇರೆ ದೇಶಗಳ ಸೊಂಟದ ಮುರಿತದ ಅಂಕಿಅಂಶಗಳನ್ನು ಹೋಲಿಸಿದ್ದರು. ಹಾಂಗ್‌ಕಾಂಗ್‌ನಲ್ಲಿ ಯುರೋಪಿಗಿಂತ ಮುರಿತ ಕಡಿಮೆ ಇತ್ತು. ಅಲ್ಲಿಯ ಜನರ ದೈಹಿಕ ಶ್ರಮ ಇದಕ್ಕೆ ಕಾರಣವಿರಬಹುದೆಂದು ಅವರು ಸೂಚಿಸಿದರು. ಆದರೆ 1966ರಿಂದ 1985ರ ನಡುವೆ ಹಾಂಗ್‌ಕಾಂಗ್ ಮಹಿಳೆಯರಲ್ಲಿ ಸೊಂಟದ ಮುರಿತದ ಪ್ರಮಾಣ ಎರಡು ಪಟ್ಟನ್ನು ಮೀರಿ ಏರಿತು. ಎತ್ತರದ ಕಟ್ಟಡಗಳ, ಲಿಫ್ಟುಗಳ, ಕುಳಿತು ಮಾಡುವ ಕೆಲಸಗಳ ನಗರವಾಗಿ ಹಾಂಗ್‌ಕಾಂಗ್ ಬದಲಾದ ಕಾಲವದು.

ಇದೇ ಹೊತ್ತಿಗೆ ಹಾರ್ಮೋನು ಚಿಕಿತ್ಸೆಯ ಬಗ್ಗೆ ಇದ್ದ ಭರವಸೆಗೂ ಪೆಟ್ಟು ಬಿತ್ತು. 2002ರಲ್ಲಿ ಅಮೆರಿಕದ ಬೃಹತ್ ಪ್ರಯೋಗವೊಂದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇವಿಸಿದ ಮಹಿಳೆಯರಲ್ಲಿ ಸೊಂಟದ ಮುರಿತ ಮೂರನೇ ಒಂದರಷ್ಟು ಕಡಿಮೆಯಾದರೂ ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯು ಹೆಚ್ಚಿದ್ದು ಕಂಡುಬಂದು, ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಔಷಧವಿಲ್ಲದ ದಾರಿಗಳ ಹುಡುಕಾಟ ಚುರುಕಾದದ್ದು ಸಹಜ.

ಅದೇ ವರ್ಷ ಹಾಂಗ್‌ಕಾಂಗ್‌ನ ಚೀನೀ ವಿಶ್ವವಿದ್ಯಾಲಯದ ಲಿಂಗ್ ಚಿನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ವರ್ಷಗಳಿಂದ ನಿಯಮಿತವಾಗಿ ತಾಯ್ ಚಿ ಮಾಡುತ್ತಿದ್ದ 17 ಮಹಿಳೆಯರನ್ನು ಮಾಡದಿದ್ದ 17 ಮಹಿಳೆಯರೊಂದಿಗೆ ಹೋಲಿಸಿದಾಗ, ಮಾಡುವವರ ಮೂಳೆಯ ಸಾಂದ್ರತೆ ಹೆಚ್ಚಿತ್ತು. ಇಲ್ಲಿ ನಿಮಗೆ ಒಂದು ಸಂಶಯ ಬರಬೇಕು. ತಾಯ್ ಚಿಯಿಂದ ಮೂಳೆ ಗಟ್ಟಿಯಾಯಿತೇ, ಅಥವಾ ಮೊದಲೇ ಗಟ್ಟಿಯಾಗಿದ್ದವರು ತಾಯ್ ಚಿಯನ್ನು ಬಿಡದೆ ಮುಂದುವರಿಸಿದರೇ? ಇಂಥ ಹೋಲಿಕೆಯಿಂದ ಇದನ್ನು ಬಿಡಿಸಲು ಆಗದು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಜನರನ್ನು ಎರಡು ಗುಂಪು ಮಾಡಬೇಕು.

ಅದನ್ನೂ ಮಾಡಿದರು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಟ್ಟು ನಿಂತ 132 ಮಹಿಳೆಯರಿದ್ದರು. ಒಂದು ಗುಂಪು ದಿನಕ್ಕೆ 45 ನಿಮಿಷದಂತೆ ವಾರಕ್ಕೆ 5 ದಿನ, 12 ತಿಂಗಳು ತಾಯ್ ಚಿ ಮಾಡಿತು. ಇನ್ನೊಂದು ಗುಂಪು ಎಂದಿನಂತೆ ಇತ್ತು. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಮೂಳೆ ಸವೆದಿತ್ತು. ತಾಯ್ ಚಿ ಗುಂಪಿನಲ್ಲಿ ಸವೆತ ನಿಧಾನವಾಗಿತ್ತು, ಅದರಲ್ಲೂ ಪಾದದ ಬಳಿಯ ಕಣಕಾಲಿನ ಮೂಳೆಯಲ್ಲಿ ಇದು ಎದ್ದು ಕಂಡಿತು. ಆ ಅವಧಿಯಲ್ಲಿ ಒಟ್ಟು ನಾಲ್ಕು ಮುರಿತಗಳಾದವು. ಅವುಗಳಲ್ಲಿ ಮೂರು ಹೋಲಿಕೆ ಗುಂಪಿನವು. ಇದು ಆಸೆ ಹುಟ್ಟಿಸುವ ಸಂಖ್ಯೆ, ಆದರೆ ನಾಲ್ಕು ಘಟನೆಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು.

2007ರಲ್ಲಿ ಅದೇ ನಗರದ ಜೀನ್ ವೂ ಮತ್ತು ಸಂಗಡಿಗರು 65ರಿಂದ 74 ವಯಸ್ಸಿನ 180 ಜನರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. 24 ಭಂಗಿಗಳ ತಾಯ್ ಚಿಯನ್ನು ವಾರಕ್ಕೆ ಮೂರು ಬಾರಿ, ಒಂದು ವರ್ಷ ಕಲಿಸಿದರು. ಮಹಿಳೆಯರಲ್ಲಿ ಸೊಂಟದ ಮೂಳೆಯ ಸವೆತ ತುಸು ಕಡಿಮೆಯಾಯಿತು. ಪುರುಷರಲ್ಲಿ ಯಾವ ಪರಿಣಾಮವೂ ಕಾಣಲಿಲ್ಲ. ಬೀಳುವ ಪ್ರಮಾಣದಲ್ಲಿಯೂ ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ. 2012ರಲ್ಲಿ ಬಾಸ್ಟನ್‌ನಲ್ಲಿ ಪೀಟರ್ ವೇಯ್ನ್ ಮತ್ತು ಸಂಗಡಿಗರು ಮೂಳೆಯ ಸಾಂದ್ರತೆ ಕಡಿಮೆ ಇದ್ದ 86 ಮಹಿಳೆಯರನ್ನು 9 ತಿಂಗಳು ಗಮನಿಸಿದರು. ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಎರಡು ಗುಂಪುಗಳ ಸಾಂದ್ರತೆಯಲ್ಲಿ ಅರ್ಥಪೂರ್ಣ ವ್ಯತ್ಯಾಸ ಸಿಗಲಿಲ್ಲ. ತರಬೇತಿಯನ್ನು ಸರಿಯಾಗಿ ಪಾಲಿಸಿದವರನ್ನು ಮಾತ್ರ ನೋಡಿದಾಗ ತೊಡೆಮೂಳೆಯ ಕತ್ತಿನಲ್ಲಿ ಸವೆತ ನಿಂತಿತ್ತು. ಹೋಲಿಕೆ ಗುಂಪಿನಲ್ಲಿ ಅದು ಸುಮಾರು 1% ಇಳಿದಿತ್ತು.

ಒಟ್ಟಿನಲ್ಲಿ ತಾಯ್ ಚಿ ಮೂಳೆಯನ್ನು ಕಟ್ಟುವುದಿಲ್ಲ. ಹೆಚ್ಚೆಂದರೆ ಸವೆತವನ್ನು ಸ್ವಲ್ಪ ತಡೆಯುತ್ತದೆ, ಅದೂ ಎಲ್ಲ ಪ್ರಯೋಗಗಳಲ್ಲಿ ಅಲ್ಲ.

ಮೆಲ್ಲಗಿನ ಚಲನೆಯ ಮಿತಿ

ಈ ಫಲಿತಾಂಶ ನಿರೀಕ್ಷಿತವೇ ಆಗಿತ್ತು ಎನ್ನಬಹುದು. 1984ರಲ್ಲಿ ಕ್ಲಿಂಟನ್ ರೂಬಿನ್ ಮತ್ತು ಲಾನ್ಯನ್ ಹಕ್ಕಿಯ ರೆಕ್ಕೆಯ ಮೂಳೆಗೆ ಲೆಕ್ಕ ಹಾಕಿದ ಭಾರವನ್ನು ಕೊಟ್ಟು ನೋಡಿದ್ದರು. ಸಾಕಷ್ಟು ದೊಡ್ಡ ಭಾರವನ್ನು ದಿನಕ್ಕೆ ಕೇವಲ 4 ಬಾರಿ ಕೊಟ್ಟರೆ ಸವೆತ ನಿಂತಿತು. 36 ಬಾರಿ ಕೊಟ್ಟಾಗ ಮೂಳೆ ಬೆಳೆಯಿತು. 1800 ಬಾರಿ ಕೊಟ್ಟರೂ ಅದಕ್ಕಿಂತ ಹೆಚ್ಚಿನ ಲಾಭವಾಗಲಿಲ್ಲ. ಮೂಳೆಗೆ ಬೇಕಾದದ್ದು ಪುನರಾವರ್ತನೆಗಿಂತ ಮಿಗಿಲಾಗಿ ಬಲ ಮತ್ತು ಬಲದ ಹಠಾತ್ ಬದಲಾವಣೆ. ತಾಯ್ ಚಿಯಲ್ಲಿ ಕಾಲಿನ ಮೇಲೆ ಬೀಳುವುದು ಹೆಚ್ಚುಕಡಿಮೆ ದೇಹದ ತೂಕವಷ್ಟೇ, ಅದೂ ನಿಧಾನವಾಗಿ.

ಭಾರಿ ಬಲ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದರು. ಮೂಳೆಯ ಸಾಂದ್ರತೆ ಕಡಿಮೆ ಇದ್ದ, ಮುಟ್ಟು ನಿಂತ 101 ಮಹಿಳೆಯರ ಪ್ರಯೋಗವದು. ಒಂದು ಗುಂಪಿನವರು ತಜ್ಞರ ಎದುರಿನಲ್ಲಿಯೇ ವಾರಕ್ಕೆರಡು ಬಾರಿ 30 ನಿಮಿಷ ಭಾರ ಎತ್ತುವ ಮತ್ತು ಜಿಗಿದು ಇಳಿಯುವ ವ್ಯಾಯಾಮ ಮಾಡಿದರು. 8 ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ 2.9% ಏರಿತು. ಮನೆಯಲ್ಲಿ ಲಘು ವ್ಯಾಯಾಮ ಮಾಡಿದವರಲ್ಲಿ ಅದು 1.2% ಇಳಿಯಿತು. ಮೂಳೆ ಕಟ್ಟುವುದೇ ಗುರಿಯಾದರೆ ತಾಯ್ ಚಿಗಿಂತ ಇದು ಮೇಲು.

ಹಾಗಾದರೆ ತಾಯ್ ಚಿಯ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಏಕೆಂದರೆ ಹಾಂಗ್‌ಕಾಂಗ್‌ನವರು ಮೂಳೆ ಅಳೆಯುವುದಕ್ಕೂ ಮೊದಲೇ ಅಮೆರಿಕದಲ್ಲಿ ಇನ್ನೊಂದು ತಂಡ ಕೂಪರ್‌ನ ಎರಡನೆಯ ಸಂಗತಿಯನ್ನು ಕೈಗೆತ್ತಿಕೊಂಡಿತ್ತು.

ಅಟ್ಲಾಂಟಾದ ಒಗಟು

1990ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಗಳು ವೃದ್ಧರ ಬೀಳುವಿಕೆಯನ್ನು ತಡೆಯುವ ಬಗ್ಗೆ ಹಲವು ಕೇಂದ್ರಗಳಲ್ಲಿ ಅಧ್ಯಯನ ಆರಂಭಿಸಿದವು. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಸ್ಟೀವನ್ ವುಲ್ಫ್ ತಮ್ಮ ಪ್ರಯೋಗಕ್ಕೆ ತಾಯ್ ಚಿಯನ್ನು ಆರಿಸಿಕೊಂಡರು. (ಮೂಳೆಯ ನಿಯಮ ಹೇಳಿದ ವುಲ್ಫ್ ಬೇರೆ, ಇವರು ಬೇರೆ.) ತಾಯ್ ಚಿ ಗುರು ಟಿಂಗ್‌ಸೆನ್ ಷೂ 108 ಭಂಗಿಗಳ ಸಾರವನ್ನು 10 ಭಂಗಿಗಳಲ್ಲಿ ಅಡಕ ಮಾಡಿಕೊಟ್ಟರು. 70 ವರ್ಷ ದಾಟಿದ 200 ಜನರನ್ನು ಮೂರು ಗುಂಪು ಮಾಡಿದರು. ಅವರಲ್ಲಿ 162 ಮಂದಿ ಮಹಿಳೆಯರು. ಒಂದು ಗುಂಪಿಗೆ ತಾಯ್ ಚಿ, ಇನ್ನೊಂದಕ್ಕೆ ಕಂಪ್ಯೂಟರ್ ಜೋಡಿಸಿದ ವೇದಿಕೆಯ ಮೇಲೆ ಓಲಾಡದೆ ನಿಲ್ಲುವ ತರಬೇತಿ, ಮೂರನೆಯದಕ್ಕೆ ಆರೋಗ್ಯ ಉಪನ್ಯಾಸಗಳು. ತರಬೇತಿ 15 ವಾರ ನಡೆಯಿತು.

1996ರಲ್ಲಿ ಪ್ರಕಟವಾದ ಫಲಿತಾಂಶ ಗಮನ ಸೆಳೆಯಿತು. ತಾಯ್ ಚಿ ಗುಂಪಿನಲ್ಲಿ ಮತ್ತೆ ಮತ್ತೆ ಬೀಳುವ ಅಪಾಯ 47.5% ಕಡಿಮೆಯಾಗಿತ್ತು. ಆದರೆ ಒಗಟೂ ಜೊತೆಗೇ ಬಂತು. ಯಂತ್ರದ ಮೇಲೆ ತರಬೇತಿ ಪಡೆದವರು ಪರೀಕ್ಷೆಯಲ್ಲಿ ಕಡಿಮೆ ಓಲಾಡಿದರು, ಆದರೆ ಅವರ ಬೀಳುವಿಕೆ ಕಡಿಮೆಯಾಗಲಿಲ್ಲ. ತಾಯ್ ಚಿಯವರ ಓಲಾಟ ಕಡಿಮೆಯಾಗಲಿಲ್ಲ, ಆದರೆ ಅವರು ಕಡಿಮೆ ಬಿದ್ದರು! ಬೀಳುವ ಭಯವೂ ಅವರಲ್ಲಿ ತಗ್ಗಿತ್ತು. ಅಲುಗಾಡದೆ ನಿಲ್ಲುವುದು ಬೇರೆ, ಅಲುಗಾಡಿದಾಗ ಸಾವರಿಸಿಕೊಳ್ಳುವುದು ಬೇರೆ ಎಂದು ಇದರಿಂದ ತಿಳಿಯಬಹುದು. ಬದುಕಿನಲ್ಲಿ ಬೇಕಾದದ್ದು ಎರಡನೆಯದು.

ಮುಂದಿನ ಪ್ರಯೋಗಗಳು ಎಲ್ಲವೂ ಒಂದೇ ದಿಕ್ಕಿನಲ್ಲಿ ಇರಲಿಲ್ಲ. 2003ರಲ್ಲಿ ವುಲ್ಫ್ ಅವರೇ ಇನ್ನೂ ದುರ್ಬಲರಾದ 311 ವೃದ್ಧರ ಮೇಲೆ 48 ವಾರ ನಡೆಸಿದ ಪ್ರಯೋಗದಲ್ಲಿ ಬೀಳುವಿಕೆ 25% ಕಡಿಮೆಯಾಯಿತಾದರೂ ಅದು ಆಕಸ್ಮಿಕವಲ್ಲ ಎನ್ನುವಷ್ಟು ಸಂಖ್ಯಾಶಾಸ್ತ್ರೀಯ ಬಲ ಇರಲಿಲ್ಲ. 2005ರಲ್ಲಿ ಆರಿಗನ್ ಸಂಶೋಧನಾ ಸಂಸ್ಥೆಯ ಫೂಜಾಂಗ್ ಲಿ ಮತ್ತು ಸಂಗಡಿಗರು 70ರಿಂದ 92 ವಯಸ್ಸಿನ 256 ಜನರ ಪ್ರಯೋಗ ಪ್ರಕಟಿಸಿದರು. ಆರು ತಿಂಗಳಲ್ಲಿ ಮೈ ಚಾಚುವ ವ್ಯಾಯಾಮದ ಗುಂಪಿನಲ್ಲಿ 73 ಬಾರಿ, ತಾಯ್ ಚಿ ಗುಂಪಿನಲ್ಲಿ 38 ಬಾರಿ ಬಿದ್ದ ಘಟನೆಗಳಾದವು. 2018ರಲ್ಲಿ ಅದೇ ತಂಡ 670 ಜನರ ಮೇಲೆ ಪರೀಕ್ಷಿಸಿದಾಗ, ಮೈ ಚಾಚುವ ವ್ಯಾಯಾಮಕ್ಕೆ ಹೋಲಿಸಿದರೆ ತಾಯ್ ಚಿಯಿಂದ ಬೀಳುವಿಕೆ 58% ಕಡಿಮೆಯಾಯಿತು. 2019ರಲ್ಲಿ ಕೊಕ್ರೇನ್ ಸಂಸ್ಥೆ ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಅದರ ಲೆಕ್ಕದಲ್ಲಿ ಇಳಿಕೆ ಸುಮಾರು 19%. ಒಂದೊಂದೇ ಪ್ರಯೋಗದ ದೊಡ್ಡ ಸಂಖ್ಯೆಗಿಂತ ಈ ಸಣ್ಣ ಸಂಖ್ಯೆ ಹೆಚ್ಚು ನಂಬಲರ್ಹ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಬೇಕು.

ಗೋಡೆಯ ಬದಿಯ ಪ್ರಯೋಗ

ತಾಯ್ ಚಿ ಕಲಿಸುವುದೇನು ಎಂದು ತಿಳಿಯಲು ತರಗತಿಯಲ್ಲಿ ಒಂದು ಸುಲಭ ಪ್ರಯೋಗ ಮಾಡಿಸಿ. ವಿದ್ಯಾರ್ಥಿಯ ಬಲ ಭುಜ ಮತ್ತು ಬಲ ಪಾದದ ಹೊರ ಅಂಚು ಗೋಡೆಗೆ ತಾಗುವಂತೆ ನಿಲ್ಲಿಸಿ, ಎಡಗಾಲನ್ನು ಪಕ್ಕಕ್ಕೆ ಎತ್ತಲು ಹೇಳಿ. ಎತ್ತಿ ನಿಲ್ಲಲು ಆಗುವುದಿಲ್ಲ. ಕಾಲೆತ್ತುವ ಮೊದಲು ನಾವು ಅರಿವಿಲ್ಲದೆ ದೇಹವನ್ನು ಇನ್ನೊಂದು ಕಾಲಿನ ಕಡೆಗೆ ವಾಲಿಸಿ, ಗುರುತ್ವಕೇಂದ್ರವನ್ನು ಆ ಪಾದದ ಮೇಲೆ ತರುತ್ತೇವೆ. ಗೋಡೆ ಅದಕ್ಕೆ ಅಡ್ಡಿಯಾಗುತ್ತದೆ.

ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಈ ವರ್ಗಾವಣೆ ಆಗಬೇಕು. ವಯಸ್ಸಾದಂತೆ ಕಾಲಿನ ಸ್ನಾಯುಗಳ ಬಲವೂ ಪಾದದ ಸ್ಪರ್ಶಜ್ಞಾನವೂ ಕುಂದಿ ಇದು ತಡವಾಗುತ್ತದೆ. ತಾಯ್ ಚಿಯ ಮೊದಲ ಪಾಠವೇ ಇದು. ಭಾರ ಹೊತ್ತ ಕಾಲು 'ತುಂಬಿದ' ಕಾಲು, ಭಾರವಿಲ್ಲದ್ದು 'ಖಾಲಿ' ಕಾಲು. ಒಂದು ಕಾಲು ಪೂರ್ತಿ ಖಾಲಿಯಾದ ಮೇಲೆಯೇ ಅದನ್ನು ಎತ್ತಬೇಕು. ಮುಷ್ಟಿಯುದ್ಧದಲ್ಲಿ ಎದುರಾಳಿಯ ತಳ್ಳಿಗೆ ಬೀಳದಿರಲು ಕಂಡುಕೊಂಡ ಈ ಪಾಠ ಒದ್ದೆಯಾದ ಬಚ್ಚಲುಮನೆಯಲ್ಲಿ ಅಜ್ಜಿಯ ನೆರವಿಗೆ ಬರುತ್ತದೆ.

ಬೀಳುವುದನ್ನು ತಪ್ಪಿಸುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು ಲೆಕ್ಕ ಹಾಕಿ ನೋಡೋಣ. 50 ಕಿಲೋಗ್ರಾಂ ತೂಕದ ಮಹಿಳೆ ನಿಂತಲ್ಲಿಂದ ಬಿದ್ದಾಗ ಆಕೆಯ ಗುರುತ್ವಕೇಂದ್ರ ಸುಮಾರು 0.7 ಮೀಟರ್ ಕೆಳಗೆ ಬರುತ್ತದೆ ಎಂದುಕೊಳ್ಳಿ. ಬಿಡುಗಡೆಯಾಗುವ ಪ್ರಚ್ಛನ್ನ ಶಕ್ತಿ 50 × 9.8 × 0.7, ಅಂದರೆ 343 ಜೂಲ್. ವೃದ್ಧರ ತೊಡೆಮೂಳೆಯ ಕತ್ತನ್ನು ಪ್ರಯೋಗಾಲಯದಲ್ಲಿ ಮುರಿಯಲು ಬೇಕಾಗುವ ಶಕ್ತಿ ಇದಕ್ಕಿಂತ ಹಲವು ಪಟ್ಟು ಕಡಿಮೆ. ಬೀಳುವಾಗ ಸ್ನಾಯುಗಳು, ಊರಿದ ಕೈಗಳು, ಸೊಂಟದ ಸುತ್ತಲಿನ ಮಾಂಸ ಮತ್ತು ಕೊಬ್ಬು ಬಹುಪಾಲು ಶಕ್ತಿಯನ್ನು ಹೀರಿಕೊಳ್ಳುವುದರಿಂದ ಪ್ರತಿ ಬಾರಿಯೂ ಮೂಳೆ ಮುರಿಯುವುದಿಲ್ಲ. ಬದಿಗೆ ಬಿದ್ದು ಸೊಂಟದ ಪಕ್ಕ ನೇರವಾಗಿ ನೆಲಕ್ಕೆ ಬಡಿದಾಗ ಅಪಾಯ ಹೆಚ್ಚು. ಸೊಂಟದ ಮುರಿತಗಳಲ್ಲಿ 90%ಕ್ಕಿಂತ ಹೆಚ್ಚಿನವು ಬೀಳುವುದರಿಂದಲೇ ಆಗುತ್ತವೆ. ಮೂಳೆಯ ಸಾಂದ್ರತೆ 1% ಹೆಚ್ಚಿದರೆ ಈ ಲೆಕ್ಕದಲ್ಲಿ ಆಗುವ ವ್ಯತ್ಯಾಸ ಅಲ್ಪ. ಬೀಳದೇ ಇದ್ದರೆ ಆ 343 ಜೂಲ್‌ಗಳು ಮೂಳೆಯನ್ನು ತಲುಪುವುದೇ ಇಲ್ಲ.

ಏನು ಹೇಳಬಹುದು, ಏನು ಹೇಳಬಾರದು

ಮನೆಯಲ್ಲಿ ಅಥವಾ ಊರಿನಲ್ಲಿ ಯಾರಾದರೂ ಕೇಳಿದರೆ ನೀವು ಹೀಗೆ ಹೇಳಬಹುದು. ತಾಯ್ ಚಿಯಿಂದ ಟೊಳ್ಳಾದ ಮೂಳೆ ಮತ್ತೆ ತುಂಬುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸವೆತ ಸ್ವಲ್ಪ ನಿಧಾನವಾಗಬಹುದು. ಬೀಳುವ ಸಂಭವ ಕಡಿಮೆಯಾಗುತ್ತದೆ ಎಂಬುದಕ್ಕೆ ಹೆಚ್ಚು ಒಳ್ಳೆಯ ಆಧಾರವಿದೆ. ಕ್ಯಾಲ್ಸಿಯಂ, ವಿಟಮಿನ್-ಡಿ ಅಥವಾ ವೈದ್ಯರು ಕೊಟ್ಟ ಔಷಧಕ್ಕೆ ಇದು ಬದಲಿಯಲ್ಲ. ಈಗಾಗಲೇ ಬೆನ್ನುಮೂಳೆ ಕುಸಿದವರು, ಮಂಡಿನೋವು ಇರುವವರು ವೈದ್ಯರನ್ನು ಕೇಳಿ, ಬಲ್ಲವರ ಎದುರಿನಲ್ಲಿಯೇ ಕಲಿಯಬೇಕು.  ಪ್ರಯೋಗಗಳಲ್ಲಿ ಲಾಭ ಪಡೆದವರು ವಾರಕ್ಕೆ ಎರಡು ಮೂರು ಬಾರಿಯಾದರೂ ತಿಂಗಳುಗಟ್ಟಲೆ ಮಾಡಿದವರು.

ಈ ಚರಿತ್ರೆಯಲ್ಲಿ ವಿಜ್ಞಾನ ಕಲಿಯುವವರಿಗೆ ಇನ್ನೊಂದು ಪಾಠವೂ ಇದೆ. ಯಾವುದನ್ನು ಅಳೆಯಲು ಯಂತ್ರವಿದೆಯೋ ಅದನ್ನೇ ಮುಖ್ಯವೆಂದು ಭಾವಿಸುವ ಅಪಾಯ ಸದಾ ಇರುತ್ತದೆ. ಮೂಳೆಯ ಸಾಂದ್ರತೆಗೆ ಯಂತ್ರ ಸಿಕ್ಕಿತು, ಆದ್ದರಿಂದ ಸಾಂದ್ರತೆಯೇ ಪ್ರಶ್ನೆಯಾಯಿತು. ಬೀಳುವುದನ್ನು ಎಣಿಸಲು ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ವೃದ್ಧರನ್ನು ತಿಂಗಳುಗಟ್ಟಲೆ ತಾಳ್ಮೆಯಿಂದ ವಿಚಾರಿಸಿ ಬರೆದಿಡುವವರು ಬೇಕಿತ್ತು. ಮುರಿತಕ್ಕೆ ತೆಳು ಮೂಳೆಯಷ್ಟೇ ಸಾಲದು, ಕಾಲೂ ಜಾರಬೇಕು ಎಂಬುದನ್ನು 1822ರ ವೈದ್ಯ ಬರಿಗಣ್ಣಿನಿಂದಲೇ ಕಂಡಿದ್ದ. ಆ ಎರಡನೆಯ ಸಂಗತಿಗೆ ಪ್ರಯೋಗದ ಬೆಂಬಲ ಸಿಗಲು 174 ವರ್ಷ ಹಿಡಿಯಿತು.